ಅರ್ಲ್ ಮೊರಾಲ್

ಅರ್ಲ್ ಎಡ್ವಿನ್ ಮೊರಾಲ್ (ಮೇ 17, 1934 – ಏಪ್ರಿಲ್ 25, 2014) ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಆಟಗಾರರಾಗಿದ್ದರು. ಕ್ವಾರ್ಟರ್‌ಬ್ಯಾಕ್ ಸ್ಥಾನದಲ್ಲಿ ಆಡುತ್ತಿದ್ದ ಇವರು 1956ರಿಂದ 1976ರವರೆಗೆ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ (ಎನ್‌ಎಫ್‌ಎಲ್) 21 ಋತುಗಳನ್ನು ಪೂರೈಸಿದರು. ಈ ಅವಧಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್, ಪಿಟ್ಸ್‌ಬರ್ಗ್ ಸ್ಟೀಲರ್ಸ್, ಡೆಟ್ರಾಯಿಟ್ ಲಯನ್ಸ್, ನ್ಯೂಯಾರ್ಕ್ ಜೈಂಟ್ಸ್, ಬಾಲ್ಟಿಮೋರ್ ಕೋಲ್ಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ಎಂಬ ಆರು ತಂಡಗಳನ್ನು ಪ್ರತಿನಿಧಿಸಿದರು. ವೃತ್ತಿಜೀವನದ ಬಹುಭಾಗವನ್ನು ಮೀಸಲು ಆಟಗಾರರಾಗಿಯೇ ಕಳೆದರೂ, ಮುಖ್ಯ ಆಟಗಾರರು ಗಾಯಗೊಂಡಾಗ ತಂಡವನ್ನು ಮುನ್ನಡೆಸಿ ಗೆಲ್ಲಿಸಿದ್ದಕ್ಕಾಗಿ ಇವರು ಪ್ರಸಿದ್ಧರು. 1968ರಲ್ಲಿ ಜಾನಿ ಯುನೈಟಸ್ ಅವರ ಬದಲಿಗೆ ಆಡಿ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು ಪಡೆದರು. 1972ರಲ್ಲಿ ಬಾಬ್ ಗ್ರೀಸಿ ಅವರ ಸ್ಥಾನದಲ್ಲಿ ಆಡಿ, ಒಂದೂ ಪಂದ್ಯವನ್ನು ಸೋಲದೆ ಋತುವನ್ನು ಮುಗಿಸಿದ ಮಯಾಮಿ ತಂಡದ ಸಾಧನೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. ಮೂರು ಸೂಪರ್ ಬೌಲ್ ವಿಜೇತ ತಂಡಗಳಲ್ಲಿ ಇವರು ಸದಸ್ಯರಾಗಿದ್ದರು.

ಹಿನ್ನೆಲೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ತಂಡದಿಂದ 11 ಆಟಗಾರರು ಮೈದಾನದಲ್ಲಿರುತ್ತಾರೆ. ಚೆಂಡು ತಮ್ಮ ವಶದಲ್ಲಿರುವಾಗ ತಂಡದ ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಪ್ರತಿಯೊಂದು ಆಟದ ಆರಂಭದಲ್ಲಿ ಚೆಂಡು ಮೊದಲು ಬರುವುದು ಅವನ ಕೈಗೆ. ಅದನ್ನು ಓಡುವ ಆಟಗಾರನಿಗೆ ಕೊಡಬೇಕೆ, ಮುಂದೆ ಓಡಿದ ಸಹ ಆಟಗಾರನಿಗೆ ಎಸೆಯಬೇಕೆ ಎಂಬುದನ್ನು ಕೆಲವೇ ಕ್ಷಣಗಳಲ್ಲಿ ಅವನು ನಿರ್ಧರಿಸಬೇಕಾಗುತ್ತದೆ. ಮೊರಾಲ್ ಆಡುತ್ತಿದ್ದ ಕಾಲದಲ್ಲಿ ಮುಂದಿನ ಆಟ ಯಾವುದೆಂಬುದನ್ನು ಅನೇಕ ತಂಡಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳೇ ನಿರ್ಧರಿಸುತ್ತಿದ್ದರು. ಎಸೆದ ಚೆಂಡನ್ನು ಎದುರಾಳಿ ಹಿಡಿದರೆ ಅದನ್ನು ಇಂಟರ್‌ಸೆಪ್ಷನ್ ಎನ್ನುತ್ತಾರೆ. ಆಗ ಚೆಂಡು ಎದುರಾಳಿಯ ವಶಕ್ಕೆ ಹೋಗುತ್ತದೆ. ಚೆಂಡನ್ನು ಎದುರಾಳಿಯ ಅಂತಿಮ ವಲಯಕ್ಕೆ ಒಯ್ದರೆ ಅಥವಾ ಅಲ್ಲಿ ಹಿಡಿದರೆ ಟಚ್‌ಡೌನ್ ಆಗಿ 6 ಅಂಕಗಳು ದೊರೆಯುತ್ತವೆ. ಚೆಂಡನ್ನು ಗೋಲುಕಂಬಗಳ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ 3 ಅಂಕಗಳಿವೆ.

ಈ ಸ್ಥಾನದಲ್ಲಿ ಒಂದು ಸಮಯಕ್ಕೆ ಒಬ್ಬನೇ ಆಡುವುದರಿಂದ ಎರಡನೆಯ ಕ್ವಾರ್ಟರ್‌ಬ್ಯಾಕ್‌ನ ಸ್ಥಿತಿ ಕ್ರಿಕೆಟ್ ತಂಡದ ಎರಡನೇ ವಿಕೆಟ್ ಕೀಪರ್‌ನ ಸ್ಥಿತಿಯನ್ನು ಹೋಲುತ್ತದೆ. ಮೊದಲನೆಯವನು ಗಾಯಗೊಳ್ಳದಿದ್ದರೆ ಅಥವಾ ಸತತವಾಗಿ ವಿಫಲನಾಗದಿದ್ದರೆ ಅವನಿಗೆ ಅವಕಾಶ ದೊರೆಯುವುದು ಅಪರೂಪ. ಆದರೆ ಅವಕಾಶ ದೊರೆತ ದಿನ, ಮುನ್ಸೂಚನೆಯಿಲ್ಲದೆ, ಇಡೀ ತಂಡದ ಹೊಣೆ ಅವನ ಮೇಲೆ ಬೀಳುತ್ತದೆ. ಹೀಗೆ ತಂಡದಿಂದ ತಂಡಕ್ಕೆ ಹೋಗುತ್ತ ಮೀಸಲು ಸ್ಥಾನದಲ್ಲಿ ಬಾಳುವ ಆಟಗಾರರಲ್ಲಿ ಮೊರಾಲ್ ಅವರದು ಹೆಚ್ಚಾಗಿ ಉಲ್ಲೇಖಗೊಳ್ಳುವ ಹೆಸರು.

ಆರಂಭಿಕ ಜೀವನ

ಮೊರಾಲ್ ಅವರು ಮೇ 17, 1934ರಂದು ಮಿಷಿಗನ್ ರಾಜ್ಯದ ಮಸ್ಕೀಗನ್‌ನಲ್ಲಿ ಜನಿಸಿದರು. ಮಿಷಿಗನ್ ಸರೋವರದ ದಡದಲ್ಲಿರುವ ಈ ಕೈಗಾರಿಕಾ ಪಟ್ಟಣದ ಪ್ರೌಢಶಾಲೆಯಲ್ಲಿ ವ್ಯಾಸಂಗ ಮಾಡುವಾಗಲೇ ಫುಟ್‌ಬಾಲ್ ಮತ್ತು ಬೇಸ್‌ಬಾಲ್ ಎರಡರಲ್ಲೂ ಹೆಸರು ಗಳಿಸಿದರು. 1951ರಲ್ಲಿ ಇವರ ನಾಯಕತ್ವದ ಮಸ್ಕೀಗನ್ ಪ್ರೌಢಶಾಲಾ ತಂಡವು ರಾಜ್ಯದ ಅಗ್ರ ತಂಡವೆಂಬ ಮನ್ನಣೆ ಪಡೆಯಿತು.

ಕಾಲೇಜು ಕ್ರೀಡಾಜೀವನ

ಪ್ರೌಢಶಾಲೆಯ ನಂತರ ಮೊರಾಲ್ ಮಿಷಿಗನ್ ಸ್ಟೇಟ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಮೊದಲು ಬಿಗಿ ಮನ್, ಅನಂತರ ಡಫಿ ಡಾಹರ್ಟಿ ಅವರ ತರಬೇತಿಯಲ್ಲಿ ಆಡಿದರು. 1953ರಲ್ಲಿ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ಟಾಮ್ ಯೂಸಿಕ್. ಹೀಗಾಗಿ ಕಾಲೇಜು ದಿನಗಳಲ್ಲೂ ಮೊರಾಲ್ ಅವರ ಆರಂಭ ಮೀಸಲು ಸ್ಥಾನದಿಂದಲೇ ಆಯಿತು. ಬೇಸ್‌ಬಾಲ್‌ನಲ್ಲೂ ಇಬ್ಬರೂ ಒಂದೇ ತಂಡದಲ್ಲಿದ್ದರು. 1954ರಲ್ಲಿ ಆ ತಂಡ ಕಾಲೇಜು ವಿಶ್ವ ಸರಣಿಯಲ್ಲಿ ಪಾಲ್ಗೊಂಡಿತು.

1955ರಲ್ಲಿ ಮೊರಾಲ್ ತಂಡದ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದರು. ಆ ಕಾಲದ ನಿಯಮಗಳಂತೆ ಒಬ್ಬನೇ ಆಟಗಾರ ದಾಳಿ ಮತ್ತು ರಕ್ಷಣೆ ಎರಡನ್ನೂ ನಿರ್ವಹಿಸುವುದು ಸಾಮಾನ್ಯವಾಗಿತ್ತು. ಚೆಂಡೆಸೆಯುವುದರ ಜೊತೆಗೆ ಮೊರಾಲ್ ರಕ್ಷಣಾ ಸಾಲಿನಲ್ಲೂ ಆಡುತ್ತಿದ್ದರು, ಚೆಂಡನ್ನು ದೂರಕ್ಕೆ ಒದೆಯುವ ಪಂಟರ್ ಕೆಲಸವನ್ನೂ ಮಾಡುತ್ತಿದ್ದರು. ಆ ವರ್ಷ ಮಿಷಿಗನ್ ಸ್ಟೇಟ್ 9 ಪಂದ್ಯಗಳನ್ನು ಗೆದ್ದು ಒಂದನ್ನು ಮಾತ್ರ ಸೋತಿತು. ಜನವರಿ 2, 1956ರಂದು ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಡೆದ ರೋಸ್ ಬೌಲ್ ಪಂದ್ಯದಲ್ಲಿ ಯುಸಿಎಲ್‌ಎ ತಂಡವನ್ನು 17–14ರಿಂದ ಮಣಿಸಿತು. ಗೆಲುವಿನ ಅಂಕಗಳು ಬಂದದ್ದು ಆಟ ಮುಗಿಯಲು 7 ಸೆಕೆಂಡುಗಳಿದ್ದಾಗ ಡೇವ್ ಕೈಸರ್ ಒದ್ದ ಫೀಲ್ಡ್ ಗೋಲ್‌ನಿಂದ. ಮೊರಾಲ್ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು. ಕಾಲೇಜು ಫುಟ್‌ಬಾಲ್‌ನ ಅತ್ಯುನ್ನತ ಗೌರವವಾದ ಹೈಸ್ಮನ್ ಪಾರಿತೋಷಕದ ಮತದಾನದಲ್ಲಿ ಇವರಿಗೆ ನಾಲ್ಕನೇ ಸ್ಥಾನ ದೊರೆಯಿತು.

ವೃತ್ತಿಜೀವನ

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಪಿಟ್ಸ್‌ಬರ್ಗ್ (1956–1958)

ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆಗೆ ಡ್ರಾಫ್ಟ್ ಎಂದು ಹೆಸರು. 1956ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಮೊರಾಲ್ ಅವರನ್ನು ಒಟ್ಟಾರೆ ಎರಡನೆಯ ಆಯ್ಕೆಯಾಗಿ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆರಿಸಿಕೊಂಡಿತು. ಇಷ್ಟು ಮೇಲಿನ ಆಯ್ಕೆಯ ಆಟಗಾರ ತಂಡದ ಭವಿಷ್ಯದ ಆಧಾರವಾಗುತ್ತಾನೆಂಬ ನಿರೀಕ್ಷೆ ಸಹಜ. ಆದರೆ ಆ ತಂಡದಲ್ಲಿ ಆಗಲೇ ವೈ. ಎ. ಟಿಟಲ್ ಎಂಬ ಅನುಭವಿ ಕ್ವಾರ್ಟರ್‌ಬ್ಯಾಕ್ ಇದ್ದರು. ಮರುವರ್ಷ ತಂಡವು ಜಾನ್ ಬ್ರೋಡಿ ಅವರನ್ನು ಡ್ರಾಫ್ಟ್‌ನಲ್ಲಿ ಆರಿಸಿಕೊಂಡಿತು. ಇಬ್ಬರ ನಡುವೆ ಮೊರಾಲ್ ಅವರಿಗೆ ಸ್ಥಾನ ಉಳಿಯಲಿಲ್ಲ. 1957ರಲ್ಲಿ ಆಟಗಾರರ ವಿನಿಮಯದ ಮೂಲಕ ಅವರನ್ನು ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಕೊಡಲಾಯಿತು.

ಪಿಟ್ಸ್‌ಬರ್ಗ್‌ನಲ್ಲಿ ಮೊರಾಲ್ ಮುಖ್ಯ ಕ್ವಾರ್ಟರ್‌ಬ್ಯಾಕ್ ಆದರು. 1957ರಲ್ಲಿ ತಂಡ 6 ಪಂದ್ಯಗಳನ್ನು ಗೆದ್ದು 6ರಲ್ಲಿ ಸೋತಿತು. ಮೊರಾಲ್ ಲೀಗಿನ ಆಯ್ದ ಆಟಗಾರರು ಆಡುವ ಪ್ರೊ ಬೌಲ್ ಪಂದ್ಯಕ್ಕೆ ಆಯ್ಕೆಯಾದರು. ಆದರೂ ಆ ಸ್ಥಾನ ಸ್ಥಿರವಾಗಲಿಲ್ಲ. ಸ್ಟೀಲರ್ಸ್ ತರಬೇತುದಾರರಾಗಿದ್ದ ಬಡ್ಡಿ ಪಾರ್ಕರ್ ಅದಕ್ಕೆ ಮುಂಚೆ ಡೆಟ್ರಾಯಿಟ್ ಲಯನ್ಸ್ ತಂಡದಲ್ಲಿದ್ದವರು. ಅಲ್ಲಿ ತಮಗೆ ಲೀಗ್ ಪ್ರಶಸ್ತಿಗಳನ್ನು ತಂದುಕೊಟ್ಟಿದ್ದ ಬಾಬಿ ಲೇನ್ ಅವರನ್ನೇ ಪಾರ್ಕರ್ ಬಯಸಿದರು. 1958ರ ಅಕ್ಟೋಬರ್‌ನಲ್ಲಿ, ಋತು ಆರಂಭವಾದ ಕೆಲವೇ ದಿನಗಳಲ್ಲಿ, ಲೇನ್ ಪಿಟ್ಸ್‌ಬರ್ಗ್‌ಗೆ ಬಂದರು. ಬದಲಿಗೆ ಮೊರಾಲ್ ಮತ್ತು ಡ್ರಾಫ್ಟ್ ಆಯ್ಕೆಯ ಹಕ್ಕುಗಳು ಡೆಟ್ರಾಯಿಟ್ ಪಾಲಾದವು.

ಡೆಟ್ರಾಯಿಟ್ ಲಯನ್ಸ್ (1958–1964)

ಡೆಟ್ರಾಯಿಟ್ ಮೊರಾಲ್ ಅವರ ತವರು ರಾಜ್ಯದ ತಂಡ. ಅಲ್ಲಿ ಅವರು ಏಳು ಋತುಗಳ ಕಾಲ ಇದ್ದರು. ಲೇನ್ ಅಲ್ಲಿನ ಅಭಿಮಾನಿಗಳ ಮೆಚ್ಚಿನ ಆಟಗಾರರಾಗಿದ್ದುದರಿಂದ ಅವರ ಬದಲಿಗೆ ಬಂದವರ ಮೇಲಿನ ನಿರೀಕ್ಷೆ ಹೆಚ್ಚಾಗಿಯೇ ಇತ್ತು. ಟೋಬಿನ್ ರೋಟ್, ಜಿಮ್ ನಿನೌಸ್ಕಿ, ಮಿಲ್ಟ್ ಪ್ಲಮ್ ಮುಂತಾದವರೊಂದಿಗೆ ಮೊರಾಲ್ ಸ್ಥಾನವನ್ನು ಹಂಚಿಕೊಳ್ಳಬೇಕಾಯಿತು. ಒಂದು ವಾರ ಆರಂಭಿಕ ಆಟಗಾರ, ಮರುವಾರ ಬದಲಿ ಆಟಗಾರ ಎಂಬ ಸ್ಥಿತಿ ಹಲವು ವರ್ಷ ನಡೆಯಿತು.

ಈ ಅವಧಿಯ ಒಂದು ಪಂದ್ಯ ಮುಖ್ಯವಾದುದು. ಡಿಸೆಂಬರ್ 4, 1960ರಂದು ಬಾಲ್ಟಿಮೋರ್‌ನಲ್ಲಿ ಜಾನಿ ಯುನೈಟಸ್ ನೇತೃತ್ವದ ಕೋಲ್ಟ್ಸ್ ತಂಡವು ಆಟ ಮುಗಿಯಲು ಕೆಲವೇ ಸೆಕೆಂಡುಗಳಿದ್ದಾಗ ಟಚ್‌ಡೌನ್ ಗಳಿಸಿ ಮುನ್ನಡೆ ಸಾಧಿಸಿತು. ಉಳಿದ ಅಲ್ಪ ಸಮಯದಲ್ಲಿ ಮೊರಾಲ್ ಎಸೆದ ಚೆಂಡನ್ನು ಹಿಡಿದ ಜಿಮ್ ಗಿಬನ್ಸ್ ಅಂತಿಮ ವಲಯದವರೆಗೂ ಓಡಿದರು. 65 ಗಜಗಳ ಈ ಟಚ್‌ಡೌನ್‌ನಿಂದ ಡೆಟ್ರಾಯಿಟ್ 20–15ರಿಂದ ಗೆದ್ದಿತು.

1962ರಲ್ಲಿ ಮನೆಯ ಅಂಗಳದ ಹುಲ್ಲು ಕತ್ತರಿಸುವಾಗ ಯಂತ್ರಕ್ಕೆ ಸಿಕ್ಕಿ ಮೊರಾಲ್ ಅವರ ಎಡಗಾಲಿನ ಹೆಬ್ಬೆರಳು ತುಂಡಾಯಿತು. ಚೆಂಡೆಸೆಯುವವನಿಗೆ ದೇಹದ ಸಮತೋಲನ ಬಹಳ ಮುಖ್ಯ. ಬಲಗೈಯಿಂದ ಎಸೆಯುವಾಗ ಭಾರವೆಲ್ಲ ಕೊನೆಗೆ ಎಡಗಾಲಿನ ಮೇಲೆ ಬೀಳುತ್ತದೆ. ಇಂಥ ಗಾಯದ ನಂತರವೂ ಮೊರಾಲ್ ಆಟಕ್ಕೆ ಮರಳಿದರು. 1963ರಲ್ಲಿ ಮಿಲ್ಟ್ ಪ್ಲಮ್ ಅವರಿಂದ ಮುಖ್ಯ ಸ್ಥಾನವನ್ನು ಪಡೆದು 2,621 ಗಜಗಳನ್ನು ಗಳಿಸಿಕೊಟ್ಟರು ಹಾಗೂ 24 ಟಚ್‌ಡೌನ್ ಎಸೆತಗಳನ್ನು ದಾಖಲಿಸಿದರು. ಮರುವರ್ಷವೇ ಭುಜಕ್ಕೆ ತೀವ್ರವಾದ ಪೆಟ್ಟು ಬಿದ್ದು ಋತುವಿನ ಮಧ್ಯದಲ್ಲೇ ಹೊರಗುಳಿಯಬೇಕಾಯಿತು.

ನ್ಯೂಯಾರ್ಕ್ ಜೈಂಟ್ಸ್ (1965–1967)

1965ರ ಋತು ಆರಂಭವಾಗುವ ಮುನ್ನ ಮೂರು ತಂಡಗಳ ನಡುವೆ ನಡೆದ ವಿನಿಮಯದಲ್ಲಿ ಮೊರಾಲ್ ನ್ಯೂಯಾರ್ಕ್ ಜೈಂಟ್ಸ್ ಸೇರಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊರಾಲ್ ಅವರಿಗಿಂತ ಮುಂದಿದ್ದ ಟಿಟಲ್ ಅನಂತರ ನ್ಯೂಯಾರ್ಕ್‌ಗೆ ಬಂದು, 1964ರ ಋತುವಿನ ಕೊನೆಗೆ ನಿವೃತ್ತರಾಗಿದ್ದರು. ಒಂಬತ್ತು ವರ್ಷಗಳ ಹಿಂದೆ ಯಾರ ಹಿಂದೆ ಕಾದು ಕುಳಿತಿದ್ದರೋ ಅವರದೇ ತೆರವಾದ ಸ್ಥಾನವನ್ನು ಮೊರಾಲ್ ಈಗ ತುಂಬಿದರು. ಹಿಂದಿನ ವರ್ಷ ಎರಡೇ ಪಂದ್ಯಗಳನ್ನು ಗೆದ್ದಿದ್ದ ಜೈಂಟ್ಸ್ 1965ರಲ್ಲಿ 7 ಗೆಲುವು, 7 ಸೋಲುಗಳೊಂದಿಗೆ ಚೇತರಿಸಿಕೊಂಡಿತು. ಮೊರಾಲ್ 2,446 ಗಜಗಳನ್ನೂ 22 ಟಚ್‌ಡೌನ್ ಎಸೆತಗಳನ್ನೂ ದಾಖಲಿಸಿದರು.

1966ರಲ್ಲಿ ಮಣಿಕಟ್ಟಿನ ಮೂಳೆ ಮುರಿಯಿತು. ತಂಡ ಒಂದೇ ಪಂದ್ಯವನ್ನು ಗೆದ್ದಿತು. 1967ರಲ್ಲಿ ಜೈಂಟ್ಸ್ ಆಡಳಿತವು ಮಿನ್ನೆಸೋಟಾದಿಂದ ಫ್ರಾನ್ ಟಾರ್ಕೆಂಟನ್ ಅವರನ್ನು ಕರೆತಂದಿತು. ಮೊರಾಲ್ ಮತ್ತೆ ಮೀಸಲು ಆಟಗಾರರಾದರು. ಆಗ ಅವರಿಗೆ 33 ವರ್ಷ. ಅಷ್ಟರಲ್ಲಿ ನಾಲ್ಕು ತಂಡಗಳಿಗೆ ಆಡಿದ್ದ ಅವರು ವೃತ್ತಿಯ ಕೊನೆಯ ಹಂತದಲ್ಲಿದ್ದಾರೆಂದು ಭಾವಿಸಲಾಗಿತ್ತು.

ಬಾಲ್ಟಿಮೋರ್ ಕೋಲ್ಟ್ಸ್ (1968–1971)

1968ರ ಆಗಸ್ಟ್‌ನಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತರಬೇತುದಾರ ಡಾನ್ ಶೂಲಾ ಅವರು ಯುನೈಟಸ್ ಅವರಿಗೆ ಅನುಭವಿ ಬದಲಿ ಬೇಕೆಂದು ಮೊರಾಲ್ ಅವರನ್ನು ತರಿಸಿಕೊಂಡರು. ಅವರಿಗೆ ಬದಲಾಗಿ ನ್ಯೂಯಾರ್ಕ್‌ಗೆ ಹೋದವರು ಬುಚ್ ವಿಲ್ಸನ್ ಎಂಬ ಆಟಗಾರ. ಋತುಪೂರ್ವದ ಕೊನೆಯ ಅಭ್ಯಾಸ ಪಂದ್ಯದಲ್ಲಿ ಯುನೈಟಸ್ ಅವರ ಬಲ ಮೊಣಕೈಗೆ ಗಾಯವಾಯಿತು. ತಂಡದ ಆಟದ ಪದ್ಧತಿಯನ್ನು ಇನ್ನೂ ಕಲಿಯುತ್ತಿದ್ದ ಮೊರಾಲ್, ಲೀಗಿನ ಅತ್ಯಂತ ಖ್ಯಾತ ಕ್ವಾರ್ಟರ್‌ಬ್ಯಾಕ್‌ನ ಸ್ಥಾನದಲ್ಲಿ ಋತುವಿನ ಮೊದಲ ಪಂದ್ಯಕ್ಕೆ ಇಳಿಯಬೇಕಾಯಿತು.

ಆ ವರ್ಷ ಕೋಲ್ಟ್ಸ್ 14ರಲ್ಲಿ 13 ಪಂದ್ಯಗಳನ್ನು ಗೆದ್ದಿತು. ಮೊರಾಲ್ 2,909 ಗಜಗಳನ್ನು ಗಳಿಸಿಕೊಟ್ಟು, 26 ಟಚ್‌ಡೌನ್ ಎಸೆತಗಳೊಂದಿಗೆ ಲೀಗಿನಲ್ಲಿ ಮೊದಲಿಗರಾದರು. ಅವರಿಗೆ ಎನ್‌ಎಫ್‌ಎಲ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಲಭಿಸಿತು. ಕೋಲ್ಟ್ಸ್ ತಂಡದ ಏಕೈಕ ಸೋಲು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ವಿರುದ್ಧ ಆಗಿತ್ತು. ಡಿಸೆಂಬರ್ 29, 1968ರಂದು ಎನ್‌ಎಫ್‌ಎಲ್ ಅಂತಿಮ ಪಂದ್ಯದಲ್ಲಿ ಅದೇ ಬ್ರೌನ್ಸ್ ತಂಡವನ್ನು ಅದರ ನೆಲದಲ್ಲೇ 34–0ರಿಂದ ಸೋಲಿಸಿ ಕೋಲ್ಟ್ಸ್ ಪ್ರಶಸ್ತಿಯನ್ನು ಪಡೆಯಿತು.

ಮೂರನೇ ಸೂಪರ್ ಬೌಲ್

ಆಗ ಎನ್‌ಎಫ್‌ಎಲ್‌ಗೆ ಪ್ರತಿಸ್ಪರ್ಧಿಯಾಗಿ ಅಮೆರಿಕನ್ ಫುಟ್‌ಬಾಲ್ ಲೀಗ್ (ಎಎಫ್‌ಎಲ್) ಇತ್ತು. ಎರಡೂ ಲೀಗ್‌ಗಳ ವಿಜೇತರ ನಡುವೆ ನಡೆಯುವ ಪಂದ್ಯವೇ ಸೂಪರ್ ಬೌಲ್. ಮೊದಲ ಎರಡು ಸೂಪರ್ ಬೌಲ್‌ಗಳನ್ನು ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ಸುಲಭವಾಗಿ ಗೆದ್ದಿತ್ತು. ಜನವರಿ 12, 1969ರಂದು ಮಯಾಮಿಯ ಆರೆಂಜ್ ಬೌಲ್ ಕ್ರೀಡಾಂಗಣದಲ್ಲಿ ಕೋಲ್ಟ್ಸ್ ಎದುರಿಸಿದ್ದು ನ್ಯೂಯಾರ್ಕ್ ಜೆಟ್ಸ್ ತಂಡವನ್ನು. ಕೋಲ್ಟ್ಸ್ 18 ಅಂಕಗಳಷ್ಟು ಅಂತರದಿಂದ ಗೆಲ್ಲುವುದೆಂದು ಬಾಜಿದಾರರ ಲೆಕ್ಕಾಚಾರವಿತ್ತು. ಜೆಟ್ಸ್ ತಂಡದ ಯುವ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ ಮಾತ್ರ ತಮ್ಮ ತಂಡ ಗೆದ್ದೇ ಗೆಲ್ಲುವುದೆಂದು ಪಂದ್ಯಕ್ಕೆ ಮೊದಲು ಬಹಿರಂಗವಾಗಿ ಘೋಷಿಸಿದ್ದರು.

ಮೊದಲಾರ್ಧದಲ್ಲಿ ಕೋಲ್ಟ್ಸ್ ಹಲವು ಬಾರಿ ಎದುರಾಳಿಯ ಅಂತಿಮ ವಲಯದ ಸಮೀಪಕ್ಕೆ ಹೋದರೂ ಅಂಕ ಗಳಿಸಲಿಲ್ಲ. ಮೊರಾಲ್ ಎಸೆದ ಮೂರು ಚೆಂಡುಗಳನ್ನು ಜೆಟ್ಸ್ ರಕ್ಷಣಾ ಆಟಗಾರರು ಹಿಡಿದರು. ಇವುಗಳಲ್ಲಿ ಮೂರನೆಯದು ಅವರ ವೃತ್ತಿಜೀವನದ ಅತಿ ಚರ್ಚಿತ ಎಸೆತವಾಯಿತು. ಮೊದಲಾರ್ಧ ಮುಗಿಯುವ ಹೊತ್ತಿಗೆ ಕೋಲ್ಟ್ಸ್ ಒಂದು ಚಮತ್ಕಾರದ ಆಟವನ್ನು ಪ್ರಯೋಗಿಸಿತು. ಮೊರಾಲ್ ಚೆಂಡನ್ನು ಟಾಮ್ ಮ್ಯಾಟ್ಟಿ ಅವರಿಗೆ ಕೊಟ್ಟರು. ಮ್ಯಾಟ್ಟಿ ಓಡುವಂತೆ ನಟಿಸಿ ಚೆಂಡನ್ನು ಮರಳಿ ಮೊರಾಲ್ ಅವರಿಗೆ ಎಸೆದರು. ಜೆಟ್ಸ್ ಆಟಗಾರರು ಮೋಸಹೋದರು. ಜಿಮ್ಮಿ ಓರ್ ಅಂತಿಮ ವಲಯದ ಬಳಿ ಒಬ್ಬರೇ ನಿಂತು ಕೈಬೀಸುತ್ತಿದ್ದರು. ಮೊರಾಲ್ ಅವರನ್ನು ಗಮನಿಸದೆ ಮೈದಾನದ ಮಧ್ಯಭಾಗದಲ್ಲಿದ್ದ ಜೆರ್ರಿ ಹಿಲ್ ಅವರತ್ತ ಎಸೆದರು. ಜಿಮ್ ಹಡ್ಸನ್ ನಡುವೆ ನುಗ್ಗಿ ಚೆಂಡನ್ನು ಹಿಡಿದರು. ವಿರಾಮದ ಕಾರ್ಯಕ್ರಮಕ್ಕೆ ಸಜ್ಜಾಗಿ ಓರ್ ಅವರ ಹಿಂಬದಿಯಲ್ಲಿ ನಿಂತಿದ್ದ ವಾದ್ಯವೃಂದದ ಉಡುಪಿನ ಬಣ್ಣದಲ್ಲಿ ಓರ್ ಬೆರೆತು ಕಾಣದಾದರೆಂಬ ವಿವರಣೆ ಪ್ರಚಲಿತದಲ್ಲಿದೆ.

ದ್ವಿತೀಯಾರ್ಧದಲ್ಲಿ ಶೂಲಾ ಅವರು ಮೊರಾಲ್ ಅವರನ್ನು ಹೊರಗಿಟ್ಟು, ಇನ್ನೂ ಪೂರ್ತಿ ಗುಣವಾಗದಿದ್ದ ಯುನೈಟಸ್ ಅವರನ್ನು ಇಳಿಸಿದರು. ಕೋಲ್ಟ್ಸ್‌ನ ಏಕೈಕ ಟಚ್‌ಡೌನ್ ಅವರ ನೇತೃತ್ವದಲ್ಲಿ ಬಂದಿತಾದರೂ ಕಾಲ ಮಿಂಚಿತ್ತು. ಜೆಟ್ಸ್ 16–7ರಿಂದ ಗೆದ್ದಿತು. ಮೊರಾಲ್ 17 ಎಸೆತಗಳಲ್ಲಿ 6ನ್ನು ಮಾತ್ರ ಗುರಿಮುಟ್ಟಿಸಿ 71 ಗಜಗಳನ್ನು ಗಳಿಸಿಕೊಟ್ಟಿದ್ದರು. ಎರಡು ಲೀಗ್‌ಗಳ ವಿಲೀನವು 1966ರಲ್ಲೇ ನಿಶ್ಚಯವಾಗಿದ್ದರೂ ಎಎಫ್‌ಎಲ್ ತಂಡಗಳು ಸಮಬಲದವೆಂಬ ನಂಬಿಕೆ ಹುಟ್ಟಿಸಿದ ಪಂದ್ಯವೆಂದು ಇದನ್ನು ಪರಿಗಣಿಸಲಾಗುತ್ತದೆ. ಈ ಚಾರಿತ್ರಿಕ ಫಲಿತಾಂಶದಿಂದಾಗಿ ಲೀಗಿನ ಶ್ರೇಷ್ಠ ಆಟಗಾರನೆನಿಸಿದ ವರ್ಷವೇ ಮೊರಾಲ್ ಅವರ ಹೆಸರು ಸೋಲಿನೊಂದಿಗೆ ಬೆಸೆದುಹೋಯಿತು.

ಐದನೇ ಸೂಪರ್ ಬೌಲ್

1969ರಲ್ಲಿ ಯುನೈಟಸ್ ಮರಳಿ ಬಂದರು. ಮೊರಾಲ್ ಮೀಸಲು ಸ್ಥಾನಕ್ಕೆ ಹೋದರು. 1970ರಲ್ಲಿ ಶೂಲಾ ಮಯಾಮಿಗೆ ತೆರಳಿದರು ಮತ್ತು ಡಾನ್ ಮೆಕ್ಯಾಫರ್ಟಿ ಕೋಲ್ಟ್ಸ್ ತರಬೇತುದಾರರಾದರು. ಜನವರಿ 17, 1971ರಂದು ಕೋಲ್ಟ್ಸ್ ಮತ್ತೆ ಸೂಪರ್ ಬೌಲ್ ಆಡಿತು. ಎದುರಾಳಿ ಡಲ್ಲಾಸ್ ಕೌಬಾಯ್ಸ್. ಪಂದ್ಯ ನಡೆದದ್ದು ಎರಡು ವರ್ಷಗಳ ಹಿಂದೆ ಮೊರಾಲ್ ಸೋತಿದ್ದ ಆರೆಂಜ್ ಬೌಲ್ ಕ್ರೀಡಾಂಗಣದಲ್ಲೇ.

ಎರಡನೇ ಕಾಲುಭಾಗದಲ್ಲಿ ಯುನೈಟಸ್ ಪಕ್ಕೆಲುಬಿಗೆ ಪೆಟ್ಟು ಬಿದ್ದು ಹೊರನಡೆದರು. ಮೊರಾಲ್ ಮೈದಾನಕ್ಕಿಳಿದಾಗ ಈ ಬಾರಿ ಹೊರಗಿನಿಂದ ಬಂದವರು ಅವರು, ಗಾಯಗೊಂಡು ಕುಳಿತವರು ಯುನೈಟಸ್. ವಿರಾಮದ ವೇಳೆಗೆ ಕೋಲ್ಟ್ಸ್ 6–13ರಿಂದ ಹಿಂದಿತ್ತು. ಎರಡೂ ತಂಡಗಳಿಂದ ಅನೇಕ ತಪ್ಪುಗಳಾದ ಈ ಪಂದ್ಯದಲ್ಲಿ ಮೊರಾಲ್ 15 ಎಸೆತಗಳಲ್ಲಿ 7ನ್ನು ಗುರಿಮುಟ್ಟಿಸಿ 147 ಗಜಗಳನ್ನು ಗಳಿಸಿಕೊಟ್ಟರು. ನಾಲ್ಕನೇ ಕಾಲುಭಾಗದಲ್ಲಿ ಅಂಕಗಳು 13–13ರಿಂದ ಸಮವಾದವು. ಕೊನೆಯ ನಿಮಿಷಗಳಲ್ಲಿ ಮೈಕ್ ಕರ್ಟಿಸ್ ಡಲ್ಲಾಸ್‌ನ ಎಸೆತವೊಂದನ್ನು ಹಿಡಿದು ಅವಕಾಶ ಒದಗಿಸಿದರು. ಆಟ ಮುಗಿಯಲು 5 ಸೆಕೆಂಡುಗಳಿದ್ದಾಗ ಜಿಮ್ ಓಬ್ರಿಯನ್ 32 ಗಜ ದೂರದಿಂದ ಫೀಲ್ಡ್ ಗೋಲ್ ಒದ್ದು ಕೋಲ್ಟ್ಸ್‌ಗೆ 16–13ರ ಗೆಲುವು ತಂದರು. ಒದೆಯುವುದಕ್ಕಾಗಿ ಚೆಂಡನ್ನು ನೆಲದ ಮೇಲೆ ಹಿಡಿದು ನಿಲ್ಲಿಸಿದವರು ಮೊರಾಲ್.

ಮಯಾಮಿ ಡಾಲ್ಫಿನ್ಸ್ (1972–1976)

1972ರ ವಸಂತದಲ್ಲಿ ಬಾಲ್ಟಿಮೋರ್ ತಂಡವು ಮೊರಾಲ್ ಅವರನ್ನು ಕೈಬಿಟ್ಟಿತು. ಹೀಗೆ ಕೈಬಿಟ್ಟ ಆಟಗಾರನನ್ನು ಇತರ ತಂಡಗಳು ನಿಗದಿತ ಅಲ್ಪ ಶುಲ್ಕ ಕೊಟ್ಟು ಪಡೆಯಬಹುದಿತ್ತು. ಮಯಾಮಿ ಡಾಲ್ಫಿನ್ಸ್ ತರಬೇತುದಾರರಾಗಿದ್ದ ಶೂಲಾ, 100 ಡಾಲರ್ ಶುಲ್ಕಕ್ಕೆ ಅವರನ್ನು ಸೇರಿಸಿಕೊಂಡರು. ಆಗ ಮೊರಾಲ್ ಅವರಿಗೆ 38ನೇ ವರ್ಷ ಸಮೀಪಿಸುತ್ತಿತ್ತು. ತರಬೇತುದಾರ ಶೂಲಾ ಅವರಿಗಿಂತ ಕೇವಲ ನಾಲ್ಕು ವರ್ಷ ಚಿಕ್ಕವರು. ಮೂರನೇ ಸೂಪರ್ ಬೌಲ್‌ನಲ್ಲಿ ಮೊರಾಲ್ ಅವರನ್ನು ಹೊರಗೆ ಕರೆಸಿಕೊಂಡಿದ್ದ ಶೂಲಾ ಅವರೇ ಮತ್ತೊಮ್ಮೆ ಅವರ ಮೇಲೆ ವಿಶ್ವಾಸವಿಟ್ಟರು.

ಅಕ್ಟೋಬರ್ 15, 1972ರಂದು ಸ್ಯಾನ್ ಡಿಯೇಗೊ ಚಾರ್ಜರ್ಸ್ ವಿರುದ್ಧದ ಐದನೇ ಪಂದ್ಯದಲ್ಲಿ ಮುಖ್ಯ ಕ್ವಾರ್ಟರ್‌ಬ್ಯಾಕ್ ಬಾಬ್ ಗ್ರೀಸಿ ಅವರ ಕಾಲಿನ ಮೂಳೆ ಮುರಿದು, ಕಣಕಾಲು ಕೀಲು ತಪ್ಪಿತು. ಮೊರಾಲ್ ಇಳಿದು ಪಂದ್ಯವನ್ನು ಗೆಲುವಿನಲ್ಲಿ ಮುಗಿಸಿದರು. ನಂತರದ ವಾರ ಬಫಲೊ ವಿರುದ್ಧ ಮಯಾಮಿ ಒಂದೇ ಅಂಕದ ಅಂತರದಿಂದ, 24–23ರಿಂದ ಪಾರಾಯಿತು. ಸಾಮಾನ್ಯ ಋತುವಿನ ಉಳಿದ ಒಂಬತ್ತೂ ಪಂದ್ಯಗಳಲ್ಲಿ ಮೊರಾಲ್ ಆರಂಭಿಕ ಆಟಗಾರರಾಗಿ ಆಡಿದರು. ಒಂಬತ್ತನ್ನೂ ತಂಡ ಗೆದ್ದಿತು.

ಮಯಾಮಿಯ ಶಕ್ತಿ ಮುಖ್ಯವಾಗಿ ಇದ್ದದ್ದು ಚೆಂಡು ಹಿಡಿದು ಓಡುವ ಆಟದಲ್ಲಿ ಮತ್ತು ರಕ್ಷಣೆಯಲ್ಲಿ. ಲ್ಯಾರಿ ಜೋಂಕಾ ಮತ್ತು ಮರ್ಕ್ಯುರಿ ಮಾರಿಸ್ ಆ ವರ್ಷ ತಲಾ 1,000 ಗಜಗಳ ಗಡಿ ಮುಟ್ಟಿದರು. ಒಂದೇ ತಂಡದ ಇಬ್ಬರು ಓಟಗಾರರು ಒಂದೇ ಋತುವಿನಲ್ಲಿ ಇದನ್ನು ಸಾಧಿಸಿದ್ದು ಅದೇ ಮೊದಲು. ಇಂಥ ತಂಡಕ್ಕೆ ಬೇಕಾದದ್ದು ತಪ್ಪು ಮಾಡದೆ ಆಟವನ್ನು ನಡೆಸುವ, ಅಗತ್ಯವಿದ್ದಾಗ ಮಾತ್ರ ದೂರಕ್ಕೆ ಎಸೆಯುವ ಅನುಭವಿ. ಮೊರಾಲ್ 1,360 ಗಜಗಳನ್ನೂ 11 ಟಚ್‌ಡೌನ್ ಎಸೆತಗಳನ್ನೂ ದಾಖಲಿಸಿದರು. ತಮ್ಮನ್ನು ಕೈಬಿಟ್ಟಿದ್ದ ಬಾಲ್ಟಿಮೋರ್ ತಂಡದ ವಿರುದ್ಧವೇ ನಡೆದ ಕೊನೆಯ ಪಂದ್ಯವನ್ನು ಮಯಾಮಿ 16–0ರಿಂದ ಗೆದ್ದು, 14–0 ಸಾಧನೆಯೊಂದಿಗೆ ಸಾಮಾನ್ಯ ಋತುವನ್ನು ಮುಗಿಸಿತು.

ನಾಕೌಟ್ ಹಂತದ ಮೊದಲ ಪಂದ್ಯದಲ್ಲಿ ಮೊರಾಲ್ ನೇತೃತ್ವದಲ್ಲಿ ಮಯಾಮಿ 20–14ರಿಂದ ಕ್ಲೀವ್‌ಲ್ಯಾಂಡ್ ತಂಡವನ್ನು ಸೋಲಿಸಿತು. ಡಿಸೆಂಬರ್ 31, 1972ರಂದು ಪಿಟ್ಸ್‌ಬರ್ಗ್‌ನಲ್ಲಿ ನಡೆದ ಮುಂದಿನ ಪಂದ್ಯದಲ್ಲಿ ಮೊರಾಲ್ ಅವರ ಎಸೆತದಿಂದ ಜೋಂಕಾ ಟಚ್‌ಡೌನ್ ಗಳಿಸಿ, ಮೊದಲಾರ್ಧ 7–7ರಲ್ಲಿ ಕೊನೆಗೊಂಡಿತು. ದಾಳಿ ನಿಧಾನವಾಗಿದೆಯೆಂದು ಕಂಡ ಶೂಲಾ, ದ್ವಿತೀಯಾರ್ಧದಲ್ಲಿ ಚೇತರಿಸಿಕೊಂಡಿದ್ದ ಗ್ರೀಸಿ ಅವರನ್ನು ಇಳಿಸಿದರು. ಮಯಾಮಿ 21–17ರಿಂದ ಗೆದ್ದಿತು. ಜನವರಿ 14, 1973ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಏಳನೇ ಸೂಪರ್ ಬೌಲ್‌ಗೆ ಶೂಲಾ ಆರಿಸಿದ್ದು ಗ್ರೀಸಿ ಅವರನ್ನೇ. ಸತತ 11 ಪಂದ್ಯಗಳಿಗೆ ಆರಂಭಿಕನಾಗಿದ್ದು ಒಂದನ್ನೂ ಸೋಲದ ಮೊರಾಲ್ ಮತ್ತೆ ಮೈದಾನದ ಅಂಚಿಗೆ ಸರಿದರು. ಈ ನಿರ್ಧಾರದಿಂದ ನಿರಾಶೆಯಾದರೂ ಅವರು ಅದನ್ನು ವಿರೋಧಿಸಲಿಲ್ಲ. ತಂಡದಲ್ಲಿ ಬಿರುಕು ಮೂಡಲು ಎಡೆಗೊಡಲಿಲ್ಲ. ಮಯಾಮಿ ವಾಷಿಂಗ್ಟನ್ ತಂಡವನ್ನು 14–7ರಿಂದ ಸೋಲಿಸಿ 17–0 ಸಾಧನೆಯನ್ನು ಪೂರ್ಣಗೊಳಿಸಿತು. ಸಾಮಾನ್ಯ ಋತುವಿನಿಂದ ಸೂಪರ್ ಬೌಲ್‌ವರೆಗೆ ಎಲ್ಲ ಪಂದ್ಯಗಳನ್ನೂ ಗೆದ್ದ ಮತ್ತೊಂದು ತಂಡ ಎನ್‌ಎಫ್‌ಎಲ್‌ನಲ್ಲಿ ಇಲ್ಲ. 2007ರ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸಾಮಾನ್ಯ ಋತುವಿನ 16 ಪಂದ್ಯಗಳನ್ನೂ ಗೆದ್ದಿತಾದರೂ ಸೂಪರ್ ಬೌಲ್‌ನಲ್ಲಿ ಸೋತಿತು.

1972ರ ಆಟಕ್ಕಾಗಿ ಮೊರಾಲ್ ಅವರಿಗೆ ಅಸೋಸಿಯೇಟೆಡ್ ಪ್ರೆಸ್‌ನ ವರ್ಷದ ಪುನರಾಗಮನ ಆಟಗಾರ ಎಂಬ ಗೌರವ ದೊರೆಯಿತು. ಮುಂದಿನ ಋತುವಿನಲ್ಲಿ ಮಯಾಮಿ ಎಂಟನೇ ಸೂಪರ್ ಬೌಲ್ ಗೆದ್ದಾಗಲೂ ಅವರು ತಂಡದಲ್ಲಿದ್ದರು. 1976ರ ಋತುವಿನವರೆಗೆ ಗ್ರೀಸಿ ಅವರಿಗೆ ಮೀಸಲು ಆಟಗಾರರಾಗಿ ಮುಂದುವರಿದು, 1977ರ ಮೇ ತಿಂಗಳಲ್ಲಿ ನಿವೃತ್ತಿ ಘೋಷಿಸಿದರು.

ನಿವೃತ್ತಿಯ ನಂತರ

ನಿವೃತ್ತಿಯ ಬಳಿಕ ಮೊರಾಲ್ ಫ್ಲಾರಿಡಾದಲ್ಲೇ ನೆಲೆಸಿದರು. 1979ರಿಂದ ಕೆಲವು ವರ್ಷ ಮಯಾಮಿ ವಿಶ್ವವಿದ್ಯಾಲಯದಲ್ಲಿ, ಹಿಂದೆ ಶೂಲಾ ಅವರ ಸಹಾಯಕರಾಗಿದ್ದ ಹೊವರ್ಡ್ ಷ್ನೆಲೆನ್‌ಬರ್ಗರ್ ಅವರ ಜೊತೆ ಕ್ವಾರ್ಟರ್‌ಬ್ಯಾಕ್‌ಗಳಿಗೆ ತರಬೇತಿ ನೀಡಿದರು. ಜಿಮ್ ಕೆಲ್ಲಿ, ಬರ್ನಿ ಕೋಸಾರ್ ಮತ್ತು ವಿನ್ನಿ ಟೆಸ್ಟವರ್ಡಿ ಅವರ ಬಳಿ ತರಬೇತಿ ಪಡೆದವರಲ್ಲಿ ಪ್ರಮುಖರು. ಮೂವರೂ ಮುಂದೆ ಎನ್‌ಎಫ್‌ಎಲ್‌ನಲ್ಲಿ ಹೆಸರಾದರು. 1983ರ ಋತುವಿನಲ್ಲಿ ಈ ವಿಶ್ವವಿದ್ಯಾಲಯದ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ಪಡೆಯಿತು.

ಮೊರಾಲ್ ಸ್ಥಳೀಯ ರಾಜಕೀಯದಲ್ಲೂ ತೊಡಗಿದ್ದರು. ಫ್ಲಾರಿಡಾದ ಡೇವಿ ಪಟ್ಟಣದ ಆಡಳಿತ ಮಂಡಳಿಗೆ ಚುನಾಯಿತರಾಗಿ, ಅನಂತರ ಅಲ್ಲಿನ ಮೇಯರ್ ಆದರು. 1992ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಫ್ಲಾರಿಡಾ ರಾಜ್ಯದ ಪ್ರತಿನಿಧಿ ಸಭೆಗೆ ಸ್ಪರ್ಧಿಸಿ ಸೋತರು.

ನಿಧನ

ಕೊನೆಯ ವರ್ಷಗಳಲ್ಲಿ ಮೊರಾಲ್ ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲುತ್ತಿದ್ದರು. ಏಪ್ರಿಲ್ 25, 2014ರಂದು ಫ್ಲಾರಿಡಾದ ನೇಪಲ್ಸ್‌ನಲ್ಲಿ ತಮ್ಮ 79ನೇ ವಯಸ್ಸಿನಲ್ಲಿ ನಿಧನರಾದರು.

ಅವರ ಮೆದುಳನ್ನು ಸಂಶೋಧನೆಗಾಗಿ ದಾನ ಮಾಡಲಾಗಿತ್ತು. ಬಾಸ್ಟನ್ ವಿಶ್ವವಿದ್ಯಾಲಯದ ತಜ್ಞರು ಪರೀಕ್ಷಿಸಿದಾಗ ಅದರಲ್ಲಿ ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ (ಸಿಟಿಇ) ಎಂಬ ರೋಗದ ನಾಲ್ಕನೇ, ಅಂದರೆ ಅತ್ಯಂತ ತೀವ್ರ ಹಂತ ಪತ್ತೆಯಾಯಿತು. ಈ ಸಂಗತಿ 2016ರಲ್ಲಿ ಬಹಿರಂಗವಾಯಿತು. ತಲೆಗೆ ಮತ್ತೆ ಮತ್ತೆ ಪೆಟ್ಟು ಬೀಳುವುದರೊಂದಿಗೆ ಸಂಬಂಧ ಹೊಂದಿರುವ ಈ ರೋಗ ನೆನಪಿನ ಶಕ್ತಿ, ವರ್ತನೆ ಮತ್ತು ಚಲನೆಯ ಮೇಲೆ ಪರಿಣಾಮ ಬೀರುತ್ತದೆ. ಇದನ್ನು ಖಚಿತವಾಗಿ ಗುರುತಿಸಲು ಸಾಧ್ಯವಾಗುವುದು ಮರಣಾನಂತರದ ಪರೀಕ್ಷೆಯಿಂದ ಮಾತ್ರ. ವೃತ್ತಿಜೀವನದ ಬಹುಭಾಗ ಮೈದಾನದ ಹೊರಗೆ ಕುಳಿತಿದ್ದ ಆಟಗಾರನಲ್ಲೂ ರೋಗ ಇಷ್ಟು ತೀವ್ರವಾಗಿದ್ದುದು ಈ ಪ್ರಕರಣದ ಗಮನಾರ್ಹ ಅಂಶ.

ಅಂಕಿಅಂಶಗಳು ಮತ್ತು ಗೌರವಗಳು

ಮೊರಾಲ್ ಒಟ್ಟು 255 ಪಂದ್ಯಗಳಲ್ಲಿ ಭಾಗವಹಿಸಿದರು. ಆರಂಭಿಕ ಕ್ವಾರ್ಟರ್‌ಬ್ಯಾಕ್ ಆಗಿ ಆಡಿದ್ದು ಸುಮಾರು 100 ಪಂದ್ಯಗಳಲ್ಲಿ ಮಾತ್ರ. ಸಾಮಾನ್ಯ ಋತುಗಳ ಪಂದ್ಯಗಳಲ್ಲಿ 2,689 ಬಾರಿ ಚೆಂಡನ್ನೆಸೆದು 1,379ನ್ನು ಗುರಿಮುಟ್ಟಿಸಿದರು. ಇವುಗಳಿಂದ 20,809 ಗಜಗಳು ಹಾಗೂ 161 ಟಚ್‌ಡೌನ್‌ಗಳು ಬಂದವು. 148 ಎಸೆತಗಳು ಎದುರಾಳಿಗಳ ಪಾಲಾದವು. 1957 ಮತ್ತು 1968ರ ಋತುಗಳಲ್ಲಿ ಪ್ರೊ ಬೌಲ್‌ಗೆ ಆಯ್ಕೆಯಾದರು. ಐದು, ಏಳು ಮತ್ತು ಎಂಟನೇ ಸೂಪರ್ ಬೌಲ್‌ಗಳನ್ನು ಗೆದ್ದ ತಂಡಗಳಲ್ಲಿದ್ದರು. 1979ರಲ್ಲಿ ಮಿಷಿಗನ್ ರಾಜ್ಯದ ಕ್ರೀಡಾ ಗೌರವ ಪಟ್ಟಿಗೆ ಅವರ ಹೆಸರನ್ನು ಸೇರಿಸಲಾಯಿತು.

ಸ್ಥಾನಮಾನ

ಟಿಟಲ್, ಲೇನ್, ಟಾರ್ಕೆಂಟನ್, ಯುನೈಟಸ್ ಮತ್ತು ಗ್ರೀಸಿ ಐವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದವರು. ಮೊರಾಲ್ ಇವರಲ್ಲಿ ನಾಲ್ವರಿಗೆ ಮೀಸಲು ಆಟಗಾರರಾಗಿದ್ದರು ಮತ್ತು ಒಬ್ಬರಿಗೆ ವಿನಿಮಯವಾಗಿ ತಂಡ ಬದಲಿಸಿದರು. ಅವರಿಗೆ ಆ ಗೌರವ ಸಂದಿಲ್ಲ. ಒಂದೇ ಪಂದ್ಯದ ಒಂದು ಎಸೆತದಿಂದಾಗಿ ಬಹುಕಾಲ ಗುರುತಿಸಲ್ಪಟ್ಟರೂ, ಯುನೈಟಸ್ ಇಲ್ಲದ 1968ರ ಕೋಲ್ಟ್ಸ್‌ನ 13 ಗೆಲುವುಗಳು ಮತ್ತು ಗ್ರೀಸಿ ಇಲ್ಲದ 1972ರ ಡಾಲ್ಫಿನ್ಸ್‌ನ 11 ಗೆಲುವುಗಳು ಅವರ ಹೆಸರಿನಲ್ಲಿವೆ. ಎನ್‌ಎಫ್‌ಎಲ್‌ನಲ್ಲಿ ಮೀಸಲು ಕ್ವಾರ್ಟರ್‌ಬ್ಯಾಕ್‌ನ ಮಹತ್ವವನ್ನು ಚರ್ಚಿಸುವಾಗ ಈ ಎರಡು ಋತುಗಳು ಇಂದಿಗೂ ಪ್ರಮುಖ ಉದಾಹರಣೆಗಳಾಗಿ ಉಳಿದಿವೆ.